ಹುಸೇನಬಿಯ ಶೇಂಗಾ ಚೀಲ

ನಡೆದದ್ದು ಇಷ್ಟೇ: ಕಲಿತ ಇಬ್ಬರು ಗಂಡಸರು, ಮನುಷ್ಯನಿಗೆ ಹಕ್ಕು ಎಲ್ಲಿಂದ ಬರುತ್ತದೆ ಎಂದು ವಾದಿಸುತ್ತ, ಒಬ್ಬ ಬಡ ಹೆಂಗಸಿನ ಶೇಂಗಾ ತಿಂದರು. ಅವರಲ್ಲೊಬ್ಬರು, ಗದಗಿನಲ್ಲಿ ವಕೀಲಿ ಮಾಡುವ ನನ್ನ ಅಳಿಯಂದಿರು, ಇದನ್ನು ಈಗಲೂ ಬೇರೆ ಥರ ಹೇಳುತ್ತಾರೆ, ವಕೀಲರು, ಹೇಳಲಿ.

ತುರ್ತು ಪರಿಸ್ಥಿತಿ ಮುಗಿದ ವರ್ಷದ ದೀಪಾವಳಿ. ಅಸುಂಡಿಯ ನಮ್ಮ ಮನೆಗೆ ಬರುವಾಗ ಅಳಿಯಂದಿರು ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸುವ ಗೆಳೆಯರೊಬ್ಬರನ್ನೂ ಕರೆತಂದಿದ್ದರು. ಉಂಡ ಹೋಳಿಗೆ ಕರಗಿಸಲು ನಮ್ಮ ಹೊಲದ ಕಡೆ ಹೋದ ಇಬ್ಬರೂ, ಮರಳುವಾಗ ಅಲ್ಲಿ ಕಾಯಿ ಆಯುತ್ತಿದ್ದವಳಿಂದ ಕಸಿದ ಒಂದು ಚೀಲ ಶೇಂಗಾ ಹೊತ್ತು ತಂದರು. ಕಳವು ಹಿಡಿದ ಫೌಜದಾರನ ಗತ್ತು ಅಳಿಯಂದಿರ ಮುಖದಲ್ಲಿ. ಹಿಂದೆಯೇ ಏದುಸಿರು ಬಿಡುತ್ತ ಬಂದವಳು ಓಣಿಯ ಕೊನೆಯ ಮನೆಯ ಹುಸೇನಬಿ.

ನಮ್ಮ ಕಡೆ ಶೇಂಗಾ ಕಿತ್ತು ಹೊಲದವರ ಬಂಡಿ ಮನೆಗೆ ಹೊರಟಿತೆಂದರೆ, ಮಣ್ಣಿನಲ್ಲಿ ಉಳಿದ ಕಾಯಿ ಕೆದಕಿ ಆಯುವವರ ಪಾಲು. ಇದಕ್ಕೆ ಹಕ್ಕಲು ಎನ್ನುತ್ತೇವೆ. ಮದುವೆಗೆ ಮೊದಲು ತವರೂರು ಅಂತೂರ ಬೆಂತೂರಿನಲ್ಲಿ ಅವ್ವನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ನಾನೂ ಹಕ್ಕಲು ಆಯ್ದವಳೇ. ಅಳಿಯಂದಿರಿಗೆ ತಿಳಿಸಿರಲಿಲ್ಲ, ಹೆಣ್ಣು ಕೊಡುವಾಗ ಎಲ್ಲವನ್ನೂ ಹೇಳುವ ಪದ್ಧತಿ ನಮ್ಮಲ್ಲಿಲ್ಲ.

“ಎಂಟ ದಿನ ಆಯ್ದದ್ದರಿ ಅವ್ವಾರ,” ಎಂದಳು ಹುಸೇನಬಿ. “ಒಣಗಿಸಿ ಗಾಣಕ್ಕ ಹಾಕಿದ್ರ ನನ್ನ ವರ್ಷದ ಎಣ್ಣಿ. ಅದು ನಮ್ಮ ಹಕ್ಕರಿ.”

“ಅಳಿಯಂದ್ರ, ಆಕಿ ಚೀಲ ಆಕಿಗೆ ಕೊಟ್ಟಬಿಡ್ರಿ,” ಎಂದೆ.

“ತಡೀರಿ ಅತ್ತೇರ. ಹಕ್ಕಂದ್ರ ಬರದಿರಬೇಕು. ಇದು ಯಾವ ಕಾಯ್ದೆದಾಗ ಐತಿ?”

ಗೆಳೆಯರಿಗೆ ಹುರುಪು ಬಂತು. “ಬರಿಯೂದೇನ ಬಂತೋ? ಹೊಟ್ಟಿ ಜೋಡಿನ ಹುಟ್ಟಿದ ಹಕ್ಕದು. ನಿಸರ್ಗ ಕೊಟ್ಟದ್ದು!”

“ನಿಸರ್ಗದ ಸಹಿ ಎಲ್ಲೈತಿ? ಸಿಕ್ಕಾ ಎಲ್ಲೈತಿ?”

“ಮೊನ್ನಿ ಎಮರ್ಜೆನ್ಸಿದಾಗ ಸಹಿ-ಸಿಕ್ಕಾ ಇದ್ದ ಹಕ್ಕನ್ನೂ ಸರಕಾರ ಅಮಾನತ್ ಇಟ್ಟಿತಲ್ಲ, ಅವತ್ತ ನಾವು ಮನುಷ್ಯಾರ ಇರಲಿಲ್ಲೇನು?”

ಇಬ್ಬರೂ ಕಟ್ಟೆಯ ಮೇಲೆ ಕುಳಿತರು, ನಡುವೆ ಚೀಲ. ಹುಸೇನಬಿ ಮೆಟ್ಟಿಲ ಮೇಲೆ ಕುಳಿತಳು. ದೀಪಾವಳಿಗೆ ಬಂದ ಅಳಿಯನ ಕೈಯಿಂದ ಚೀಲ ಕಸಿಯುವ ಅತ್ತೆ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿರಲಿಲ್ಲವಾದ್ದರಿಂದ ನಾನು ಒಲೆಯ ಮುಂದೆ ಹೋಗಿ ಕುಳಿತೆ. ವಾದಕ್ಕೆ ರಂಗೇರಿದಂತೆ ಕೈಗಳು ಚೀಲದೊಳಗೆ ಇಳಿದವು; ಒಂದು ಸಿದ್ಧಾಂತಕ್ಕೆ ನಾಲ್ಕು ಕಾಯಿ, ಖಂಡನೆಗೆ ಎಂಟು. ಕಾಯ್ದೆಯ ಪಕ್ಷಕ್ಕೂ ನಿಸರ್ಗದ ಪಕ್ಷಕ್ಕೂ ಶೇಂಗಾದ ರುಚಿಯಲ್ಲಿ ಮಾತ್ರ ಭಿನ್ನಾಭಿಪ್ರಾಯವಿರಲಿಲ್ಲ. ನಗಬೇಡಿ, ಉಪಚಾರದ ಚಾಳಿ ಬಿಡದ ನಾನು ಒಳಗಿನಿಂದ ಬೆಲ್ಲ ಬೇರೆ ಕಳಿಸಿದೆ.

ದೀಪ ಹಚ್ಚುವ ಹೊತ್ತಿಗೆ ಸಿಪ್ಪೆ ಒಂದು ಮೊರ ತುಂಬಿತ್ತು. ಕೊನೆಗೆ ನಿಸರ್ಗ ಗೆದ್ದಿತಂತೆ. ಅಳಿಯಂದಿರು ದೊಡ್ಡ ಮನಸ್ಸಿನಿಂದ, “ಒಯ್ಯವಾ, ನಿನ್ನ ಹಕ್ಕು,” ಎಂದರು. ಹುಸೇನಬಿ ಚೀಲ ಎತ್ತಿ ಭಾರ ನೋಡಿದಳು, ಕೆಳಗಿಟ್ಟಳು.

“ನೀವು ಗೆದ್ರಿ ಸಾಹೇಬ್ರ, ಖರೆ. ಇನ್ನೊಂದ ತಾಸು ಗೆದ್ದಿದ್ರ ಚೀಲನೂ ಉಳೀತಿರಲಿಲ್ಲ.”

ಚೀಲ ಬಿಟ್ಟು ನಡೆದೇಬಿಟ್ಟಳು.

ಮೂರನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಹಕ್ಕು ಬರೆದು ಬರುತ್ತದೋ ಹುಟ್ಟಿ ಬರುತ್ತದೋ ನನಗೆ ತಿಳಿಯದು, ಎಲ್ಲಿಂದಲಾದರೂ ಬರಲಿ. ಬಂದದ್ದನ್ನು ಬಾಯಿಗೆ ಹಾಕಿಕೊಳ್ಳುವವರ ಕೈ ಹಿಡಿದು ತಡೆಯಲು ಪಕ್ಕದಲ್ಲಿ ಒಬ್ಬರು ಬೇಕು. ಪಕ್ಕದಲ್ಲಿದ್ದವಳು ನಾನೇ, ಬೆಲ್ಲ ಒಡೆಯುತ್ತ ಕುಳಿತಿದ್ದೆ.

ಮರುದಿನ ಬೆಳಿಗ್ಗೆ, ಬೀಜಕ್ಕೆಂದು ತೆಗೆದಿಟ್ಟಿದ್ದ ಶೇಂಗಾ ಸುರಿದು ಆ ಚೀಲವನ್ನು ಬಾಯಿಯವರೆಗೆ ತುಂಬಿ, ತಲೆಯ ಮೇಲೆ ಹೊತ್ತು ಹುಸೇನಬಿಯ ಮನೆಯಲ್ಲಿ ಇಳಿಸಿ ಬಂದೆ. ಬಂದವಳು, ಚಹಾದ ದಾರಿ ಕಾಯುತ್ತಿದ್ದ ಇಬ್ಬರ ಕೈಗೂ ಕಳೆ ಕೀಳುವ ಒಂದೊಂದು ಕುರ್ಪಿ ಕೊಟ್ಟು, ಖಾಲಿಯಾದ ಬೀಜದ ಗಡಿಗೆ ತುಂಬುವಷ್ಟು ಕೆದಕಿ ಆಯ್ದು ತನ್ನಿರೆಂದು ಹೊಲಕ್ಕೆ ಅಟ್ಟಿದೆ.