ಕೆಂಪು ಬಟ್ಟೆ ಕಟ್ಟಿದ ಹೀರೆಕಾಯಿ

ಕೊಳತ್ತೂರಿಗೆ ಮನೆಯಳಿಯನಾಗಿ ಬಂದ ಮೊದಲ ಬೆಳಿಗ್ಗೆ ಸ್ನಾನ ಮುಗಿಸಿ ಹೊರಬಂದರೆ, ಅತ್ತೆ ಬಚ್ಚಲ ಬಾಗಿಲಲ್ಲೇ ನಿಂತಿದ್ದರು.

"ಸೋಪು ಜಾಸ್ತಿ ಆಕುದ್ರಾ ಮಾಪ್ಳೆ? ಬಳ್ಳಿ ಬಾಡೋಗ್ತೈತೆ."

ಮಾಪ್ಳೆ ಎಂದರೆ ತಮಿಳಿನಲ್ಲಿ ಅಳಿಯ. ಬಳ್ಳಿ ಎಂದರೆ ಹಿತ್ತಲ ಹೀರೆಬಳ್ಳಿ. ಈ ಮನೆಯ ಬಚ್ಚಲ ನೀರೆಲ್ಲ ಅದರ ಬುಡಕ್ಕೇ. ಮೈಸೂರಿನಲ್ಲಿ ಅಳಿಯ ಮಿಂದು ಬಂದರೆ ಕಾಫಿ ಕೊಡುತ್ತಾರೆ. ಇಲ್ಲಿ ಬಳ್ಳಿಯ ಯೋಗಕ್ಷೇಮ ವಿಚಾರಿಸುತ್ತಾರೆ.

ಹೆಂಡತಿಗೆ ಇಲ್ಲಿನ ಶಾಲೆಯಲ್ಲಿ ಕೆಲಸ. ನನ್ನ ಜೆರಾಕ್ಸ್ ಅಂಗಡಿಯನ್ನು ಎಲ್ಲಿ ಬೇಕಾದರೂ ಇಡಬಹುದೆಂದು ಎಲ್ಲರೂ ಸೇರಿ ತೀರ್ಮಾನಿಸಿದ್ದರು, ಬಂದೆ. ಮೆಟ್ಟೂರು ಅಣೆಕಟ್ಟೆಯ ಅಷ್ಟೂ ನೀರು ಪಕ್ಕದಲ್ಲಿದ್ದೂ ಹಂಚಿನಂತೆ ಕಾಯುವ ಊರು. ಕನ್ನಡವೋ, ಅರ್ಧ ದಾರಿಯಲ್ಲಿ ತಮಿಳಿನ ಬಸ್ಸು ಹತ್ತಿಬಿಡುವ ಕನ್ನಡ. ಊಟಕ್ಕೆ ಬೇಸಗೆಯುದ್ದಕ್ಕೂ ಹೀರೆಕಾಯಿ: ಪಲ್ಯ, ಕೂಟು, ಕೊನೆಗೆ ಸಿಪ್ಪೆಯ ಚಟ್ನಿ, ಅದಕ್ಕೆ ತೊಗೆಯಲ್ ಎಂಬ ಬಿರುದು ಬೇರೆ. ಮೂಗು ಮುರಿದುಕೊಂಡೇ ತಿಂದೆ. ಆಮೇಲೆ ಬಳ್ಳಿಯಿಂದ ನೇರ ಬಾಣಲೆಗೆ ಬಿದ್ದ ಎಳೆಗಾಯಿಯ ರುಚಿ ನಾಲಿಗೆಗೆ ಹತ್ತಿತು. ಅದನ್ನು ಯಾರಿಗೂ ಹೇಳಲಿಲ್ಲ.

ಪ್ರತಿ ಬೇಸಗೆಯಲ್ಲೂ ಅತ್ತೆ ಒಂದು ಒಳ್ಳೆಯ ಕಾಯಿಗೆ ಕೆಂಪು ಬಟ್ಟೆಯ ಚೂರು ಕಟ್ಟುತ್ತಾರೆ. ಅದು ಬೀಜಕ್ಕೆ, ಬಳ್ಳಿಯಲ್ಲೇ ಒಣಗಬೇಕು. ಊರವರೆಲ್ಲ ಪ್ಯಾಕೆಟ್ ಬೀಜಕ್ಕೆ ಇಳಿದರೂ ಇವರದು ತಾಯಿ ಕೊಟ್ಟ ಬೀಜದ ವಂಶ. "ಅಂಗ್ಡಿ ಬೀಜದಲ್ಲಿ ಕಾಯಿ ಬತ್ತೈತೆ, ರುಚಿ ಬರಾಕಿಲ್ಲ."

ಹೋದ ಬೇಸಗೆಯಲ್ಲಿ ಮೈಸೂರಿನಿಂದ ನನ್ನ ಅಕ್ಕ ಬಂದಳು. ಸಹಾಯ ಮಾಡುವ ಹುಮ್ಮಸ್ಸಿನಲ್ಲಿ ಹಿತ್ತಲಿಗೆ ಹೋಗಿ ಕೆಂಪು ಬಟ್ಟೆಯ ಕಾಯಿಯನ್ನೇ ಕಿತ್ತು ತಂದಳು.

"ಎಷ್ಟು ದೊಡ್ಡದು ನೋಡೋ! ಗುರುತಿಗೆ ಬಟ್ಟೆ ಬೇರೆ ಕಟ್ಟಿದ್ದಾರೆ."

ಕಾಯಿ ಇನ್ನೂ ಹಸಿರು, ಬೀಜ ಬಲಿತಿರಲಿಲ್ಲ. ಬಳ್ಳಿಯಲ್ಲಿ ಬೀಜಕ್ಕೆ ಬಿಡುವಂಥ ಬೇರೆ ಕಾಯಿಯೂ ಇರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. "ಪ್ಲಾಸ್ಟಿಕ್ ಸುತ್ತಿದ ತರಕಾರಿ ತಿನ್ನೋರಿಗೆ ಇದೆಲ್ಲ ಏನು ಗೊತ್ತು? ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ!" ಎಂದುಬಿಟ್ಟೆ. ಅಕ್ಕನ ಮುಖ ಸಣ್ಣದಾಯಿತು.

"ನೆಂಟ್ರುಗೆ ಅಂಗಂತಾರಾ? ಸುಮ್ಕಿರಿ ಮಾಪ್ಳೆ," ಅತ್ತೆ ನನ್ನನ್ನೇ ಗದರಿದರು. ಹುಳ ಹಿಡಿಯದಂತೆ ಬೂದಿಯಲ್ಲಿ ಬೆರೆಸಿಟ್ಟ ಹಿಂದಿನ ವರ್ಷದ ಬೀಜ ಒಂದು ಹಿಡಿ ಉಳಿದಿತ್ತು. ಅದರಲ್ಲಿ ಅರ್ಧ ತೆಗೆದು ಅಕ್ಕನ ಕೈಗಿಟ್ಟರು. "ನಿಮ್ ಮನೇಲೂ ಆಕಮ್ಮ."

ಬಾಲ್ಕನಿಯಲ್ಲಿ ತುಳಸಿಯನ್ನೇ ಒಣಗಿಸಿದ ಮಹಾತಾಯಿ ಅವಳು. ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು ಎಂದುಕೊಂಡೆ.

ಈ ವರ್ಷ ನಮ್ಮ ಪಾಲಿನ ಬೀಜವೆಲ್ಲ ಮೊಳೆತು ಎರಡೆಲೆ ಬಿಟ್ಟಿದ್ದೇ ತಡ, ಕೋಳಿಗಳು ಬೇಲಿ ನುಗ್ಗಿ ಒಂದನ್ನೂ ಉಳಿಸಲಿಲ್ಲ. ಬೇಲಿ ಕಟ್ಟಿದ ಶೂರ ನಾನೇ. ಬಚ್ಚಲ ನೀರು ಬರಿನೆಲಕ್ಕೆ ಹರಿಯತೊಡಗಿತು. ಅತ್ತೆ ಹಿತ್ತಲಿಗೆ ಹೋಗುವುದನ್ನೇ ಬಿಟ್ಟರು.

ಮೊನ್ನೆ ಅಕ್ಕ ಫೋನಿಗೆ ಒಂದು ಫೋಟೋ ಕಳಿಸಿದಳು. ಬಾಲ್ಕನಿಯ ಕಂಬಿಗೆ ಹಬ್ಬಿದ ಬಳ್ಳಿ, ಒಂದು ಕಾಯಿಗೆ ಕೆಂಪು ರಿಬ್ಬನ್. ಕೆಳಗೆ ಬರೆದಿದ್ದಳು: "ನಿಮ್ಮೂರ ಹೀರೆಕಾಯಿ. ಮುಟ್ಟಿದರೆ ಕೈ ಮುರೀತೀನಿ."

ಅತ್ತೆಗೆ ತೋರಿಸಿದೆ. ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು.

"ಒಣಗ್ಲಿ ಮಾಪ್ಳೆ. ಆಮೇಲೆ ಓಗಿ ನಿಮ್ಮೂರ್ ಬೀಜ ಒಂದೀಟು ಈಸ್ಕಂಡ್ ಬನ್ನಿ."

ಅಕ್ಕನಿಗೆ ನನ್ನೂರು ಇದು, ಅತ್ತೆಗೆ ನನ್ನೂರು ಅದು. ಬೈದ ಬಾಯಲ್ಲೇ ಅಕ್ಕನ ಹತ್ತಿರ ಬೀಜ ಬೇಡಲು ಹೋಗಬೇಕು. ಅಲ್ಲಿಯವರೆಗೆ ಈ ಹಾಳು ಸೆಕೆಯಲ್ಲಿ ದಿನವೂ ಸೋಪು ಕಡಿಮೆ ಹಾಕಿ ಮೀಯುತ್ತಿದ್ದೇನೆ, ಇಲ್ಲದ ಬಳ್ಳಿಗಾಗಿ.