ಪ್ಲಾಸ್ಟರಕ್ಕ ಬರೆದ ಕಾರಣ

ಮೂಳೆ ಆಸ್ಪತ್ರೆಯ ನೆಲಮಹಡಿಯಲ್ಲಿ, ಎಕ್ಸ್‌ರೇ ಕೋಣೆಯ ಪಕ್ಕದಲ್ಲಿದ್ದ ಪ್ಲಾಸ್ಟರ್ ಕೋಣೆಗೆ ಮೂವತ್ತೊಂದು ವರ್ಷ ಒಬ್ಬಳೇ ಒಡತಿ. ಡಾಕ್ಟರುಗಳು ಬಂದರು, ಹೋದರು. ಗೋಡೆಗೆ ಐದು ಸಲ ಬಣ್ಣ ಬದಲಾಯಿತು. ಅವಳು ಮಾತ್ರ ಅಲ್ಲೇ ಇದ್ದಳು. ಹುಟ್ಟಿದಾಗ ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಮಿಕ್ಕವರಿಗೆಲ್ಲ ಅವಳು ಪ್ಲಾಸ್ಟರಕ್ಕ.

ಇಪ್ಪತ್ತಾರನೆಯ ವಯಸ್ಸಿನಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದವಳು. ಆಗ ಪ್ಲಾಸ್ಟರ್ ಹಾಕುತ್ತಿದ್ದ ಮುದುಕನ ಕೈ ನಡುಗಲು ಶುರುವಾಗಿತ್ತು. ಬಕೆಟ್ಟು ಹಿಡಿದುಕೊಳ್ಳಲು ಇವಳನ್ನು ಕರೆದ. ಆರು ತಿಂಗಳಲ್ಲಿ ಬಕೆಟ್ಟು ಅವನ ಕೈಯಲ್ಲಿತ್ತು, ಪಟ್ಟಿ ಇವಳ ಕೈಯಲ್ಲಿ. ನೀರು ಎಷ್ಟು ಬೆಚ್ಚಗಿರಬೇಕು, ಹತ್ತಿ ಎಲ್ಲಿ ಎರಡು ಸುತ್ತು, ಎಲ್ಲಿ ಮೂರು ಸುತ್ತು, ಪಟ್ಟಿ ಗಟ್ಟಿಯಾಗುವ ಮುಂಚಿನ ಆ ಒಂದೂವರೆ ನಿಮಿಷದಲ್ಲಿ ಅಂಗೈಯಿಂದ ಹೇಗೆ ಸವರಬೇಕು, ಎಲ್ಲ ಅವಳಿಗೆ ಉಸಿರಾಡಿದಷ್ಟು ಸಲೀಸು. ಬೆರಳ ತುದಿ ಊರಬಾರದು, ಊರಿದರೆ ಒಳಗೆ ಕುಳಿ ಬಿದ್ದು ಚರ್ಮ ಹುಣ್ಣಾಗುತ್ತದೆ ಎಂದು ಹೊಸ ಡಾಕ್ಟರುಗಳಿಗೇ ಗದರುತ್ತಿದ್ದಳು. ಅವರೂ ಗದರಿಸಿಕೊಳ್ಳುತ್ತಿದ್ದರು.

ಕೈ ಮೆತ್ತಗೆ, ನಾಲಿಗೆ ಮಾತ್ರ ಗರಗಸ. ಆ ನಾಲಿಗೆಗೆ ಎಲ್ಲಕ್ಕಿಂತ ಹೆಚ್ಚಾಗಿ ಸಿಕ್ಕಿಬೀಳುತ್ತಿದ್ದವರು ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿಕೊಂಡು ಬಿದ್ದು ಬಂದ ಹೆಂಗಸರು.

ಆ ಚಪ್ಪಲಿಯ ಮೇಲೆ ಅವಳಿಗಿದ್ದ ದ್ವೇಷಕ್ಕೆ ಒಂದು ದಿನ, ಒಂದು ಘಟನೆ ಅಂತ ಇಲ್ಲ. ನೋಡಿ ನೋಡಿ ಹೊಟ್ಟೆಯಲ್ಲಿ ಕಟ್ಟಿಕೊಂಡದ್ದು. ಬಸ್ಸಿನಿಂದ ಇಳಿಯುವಾಗ ಪಾದ ಮಗುಚಿದವಳು, ಚರಂಡಿಯ ಜಾಲರಿಗೆ ಹಿಮ್ಮಡಿ ಸಿಕ್ಕಿಸಿಕೊಂಡವಳು, ಮಗುವನ್ನು ಎತ್ತಿಕೊಂಡೇ ಮಗುಚಿ ಮಗುವಿನ ಕೈಯನ್ನೂ ಮುರಿದವಳು. ಬೀಳದೆ ಇದ್ದವರದ್ದು ಇನ್ನೊಂದು ಕಥೆ. ನಲವತ್ತಕ್ಕೇ ಹೆಬ್ಬೆರಳು ಪಕ್ಕದ ಬೆರಳ ಮೇಲೆ ಹತ್ತಿ ಕೂತಿರುತ್ತಿತ್ತು. ಬರಿಗಾಲು ನೆಲಕ್ಕೆ ಊರಿದರೆ ಮೀನಖಂಡ ಎಳೆದು ಕಣ್ಣಲ್ಲಿ ನೀರು.

"ದೇವರು ಹಿಮ್ಮಡಿ ಕೊಟ್ಟಿದ್ದು ನೆಲಕ್ಕೆ ಊರೋಕೆ," ಎಂದು ಹತ್ತಿ ಸುತ್ತುತ್ತ ಶುರು ಮಾಡುತ್ತಿದ್ದಳು. "ನೀವು ಅದಕ್ಕೂ ಒಂದು ಊರುಗೋಲು ಇಟ್ಟಿದ್ದೀರಿ. ಈಗ ನೋಡಿ, ನಿಜವಾದ ಊರುಗೋಲೇ ಬಂತು."

ಕಾಲು ಅವಳ ತೊಡೆಯ ಮೇಲಿರುವಾಗ ಎದುರು ಮಾತಾಡುವ ಧೈರ್ಯ ಯಾರಿಗಿದ್ದೀತು? ಒಬ್ಬಳು ಮಾತ್ರ ಆಡಿದಳು. ಔಷಧಿ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುವ ಕುಳ್ಳಗಿನ ಹೆಂಗಸು.

"ಅಕ್ಕ, ನೀವು ಐದೂವರೆ ಅಡಿ ಇದ್ದೀರ. ನಾನು ಬರೀ ಚಪ್ಪಲೀಲಿ ನಿಂತರೆ ಗಿರಾಕಿಗೆ ನನ್ನ ಹಣೆ ಮಾತ್ರ ಕಾಣುತ್ತೆ. 'ಒಳಗೆ ಯಾರಾದರೂ ದೊಡ್ಡವರಿದ್ದಾರೇನಮ್ಮ' ಅಂತ ಕೇಳ್ತಾರೆ. ನನಗೆ ಮೂವತ್ತೆಂಟು ವಯಸ್ಸು."

"ಹಾಗಾದ್ರೆ ಕಾಲಡಿ ಒಂದು ಹಲಗೆ ಹಾಕಿಸಿಕೊಳ್ಳಿ," ಎಂದಳು ಪ್ಲಾಸ್ಟರಕ್ಕ.

"ಹಲಗೇನ ಬೀದಿಗೆ ಹೊತ್ಕೊಂಡು ಹೋಗ್ಲಾ?"

ಪ್ಲಾಸ್ಟರಕ್ಕನಿಗೆ ಸಿಟ್ಟು ಇಮ್ಮಡಿಯಾಯಿತು. "ನಾನು ಹೇಳೋದು ಹೇಳಿದೀನಿ. ಎಡಗಾಲಿಗೂ ಆಸೆ ಇದ್ರೆ ಮುಂದಿನ ವರ್ಷ ಬನ್ನಿ," ಎಂದು ಪಟ್ಟಿ ಕತ್ತರಿಸಿದಳು. ಆ ಹೆಂಗಸು ಹೋಗುತ್ತ ದೂರು ಬರೆದು ಪೆಟ್ಟಿಗೆಗೆ ಹಾಕಿಯೇ ಹೋದಳು.

ದೂರು ಓದಿದವನು ಹೊಸ ಮ್ಯಾನೇಜರು. ಹಿಂದೆ ದೊಡ್ಡ ಹೋಟೆಲೊಂದನ್ನು ನಡೆಸುತ್ತಿದ್ದವನನ್ನು ಆಸ್ಪತ್ರೆಯ ಮಾಲೀಕರು ಹಿಡಿದು ತಂದಿದ್ದರು. ಬಂದ ಮೂರನೆಯ ತಿಂಗಳಿಗೆ ಹಳೆಯ ಸಿಮೆಂಟಿನ ನೆಲ ಹೋಗಿ, ಮುಖ ಕಾಣುವಷ್ಟು ನುಣುಪಾದ ಕಲ್ಲು ಬಂತು. ಮುರಿದ ಮೂಳೆಯವರು ನಡೆದಾಡುವ ಜಾಗಕ್ಕೆ ಜಾರುವ ಕಲ್ಲು! "ಗಿರಾಕಿ ಕಡಿಮೆ ಆಗಬಾರದು ಅಂತ ಇರಬೇಕು," ಎಂದಳು ಪ್ಲಾಸ್ಟರಕ್ಕ, ಎಕ್ಸ್‌ರೇಯವನಿಗೆ.

ನೆಲದ ಬೆನ್ನಿಗೇ ಒಂದು ಕಾಗದ ಗೋಡೆಗೆ ಹತ್ತಿತು. ಮುಂಭಾಗದ ಕೌಂಟರಿನಲ್ಲಿ ಕೆಲಸ ಮಾಡುವ ಹೆಣ್ಣುಮಕ್ಕಳು ಇನ್ನು ಮುಂದೆ ಕಪ್ಪು ಬಣ್ಣದ, ಎರಡೂವರೆ ಇಂಚಿಗೆ ಕಡಿಮೆ ಇಲ್ಲದ ಹಿಮ್ಮಡಿಯ ಪಾದರಕ್ಷೆ ಧರಿಸತಕ್ಕದ್ದು. ಗಂಡಸರಿಗೆ ಬೂಟು ಹೊಳೆಯುತ್ತಿದ್ದರೆ ಸಾಕು.

ಆ ಕೌಂಟರಿನ ಐದು ಹುಡುಗಿಯರಲ್ಲಿ ಒಬ್ಬಳು ಪ್ಲಾಸ್ಟರಕ್ಕನ ತಂಗಿಯ ಮಗಳು. ಮನೆಯಲ್ಲಿ ಎಲ್ಲರಿಗೂ ಪುಟ್ಟಿ. ಮದುವೆಯಾಗದ ಪ್ಲಾಸ್ಟರಕ್ಕ ತಂಗಿಯ ಮನೆಯ ಮೇಲಿನ ಒಂದು ಕೋಣೆಯಲ್ಲಿದ್ದಳು. ಪುಟ್ಟಿಯನ್ನು ಎತ್ತಿ ಆಡಿಸಿದವಳು, ಬೈದು ಓದಿಸಿದವಳು, ಕೈಕಾಲು ಹಿಡಿದು ಈ ಕೆಲಸ ಕೊಡಿಸಿದವಳೂ ಅವಳೇ.

ಕಾಗದ ನೋಡಿ ಪ್ಲಾಸ್ಟರಕ್ಕ ಕೆಂಡವಾದಳು. ಪುಟ್ಟಿ ಮಾತ್ರ ಅಂದು ಸಂಜೆಯೇ ಅಂಗಡಿಗೆ ಹೋಗಿ ಮೂರು ಇಂಚಿನದ್ದು ತಂದು, ನಡುಮನೆಯಲ್ಲಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಕಿಟಕಿಗೆ ಟಕಟಕ ನಡೆದು ಅಭ್ಯಾಸ ಮಾಡಿದಳು.

"ಎರಡೂವರೆ ಕೇಳಿದ್ರೆ ಮೂರು ತಂದಿದ್ದೀಯಲ್ಲೇ! ಅರ್ಧ ಇಂಚು ಕೊಸರಾ?"

"ಚೆನ್ನಾಗಿ ಕಾಣ್ತಿಲ್ವಾ ದೊಡ್ಡಮ್ಮ?"

"ಕೊಕ್ಕರೆ ಕೆಸರಲ್ಲಿ ನಡೆದ ಹಾಗಿದೆ."

ಪುಟ್ಟಿಯ ಮುಖ ಚಿಕ್ಕದಾಯಿತು. "ನಿನಗೆ ಜಗತ್ತಲ್ಲಿ ಕಾಣೋದೆಲ್ಲ ಮುರಿದ ಕಾಲೇ. ನನ್ನ ಕಾಲ ಮೇಲೆ ನಾನು ನಿಂತಿದ್ದೀನಿ, ಅದಕ್ಕಾದರೂ ಖುಷಿಪಡು."

"ಸ್ವಂತ ಕಾಲ ಮೇಲೆ ನಿಲ್ಲೋದು ಅಂದ್ರೆ ನೆಲದ ಮೇಲೆ ನಿಲ್ಲೋದು. ಯಾವನೋ ಹೇಳಿದಷ್ಟು ಇಂಚು ಮೇಲೆ ನಿಲ್ಲೋದಲ್ಲ."

ತಂಗಿ ಅಡುಗೆಮನೆಯಿಂದ, "ಅಕ್ಕ, ಅವಳ ಪಾಡಿಗೆ ಅವಳನ್ನ ಬಿಡು," ಎಂದಳು. ಪ್ಲಾಸ್ಟರಕ್ಕ ಬಿಡುವ ಜಾತಿಯವಳಲ್ಲ. ದಿನಾ ಬೆಳಿಗ್ಗೆ ಜೊತೆಗೆ ಹೊರಟರೂ, ರಬ್ಬರು ಚಪ್ಪಲಿಯ ಅವಳು ಹತ್ತು ಹೆಜ್ಜೆ ಮುಂದೆ, ಟಕಟಕ ಅನ್ನುವ ಪುಟ್ಟಿ ಹಿಂದೆ. ತಿರುಗಿ ನೋಡುತ್ತಿರಲಿಲ್ಲ, ನಿಲ್ಲುತ್ತಲೂ ಇರಲಿಲ್ಲ.

ಎರಡನೆಯ ವಾರಕ್ಕೆ ಕೌಂಟರಿನ ಹುಡುಗಿಯರು ಮಧ್ಯಾಹ್ನದ ಬಿಡುವಿನಲ್ಲಿ ಒಬ್ಬೊಬ್ಬರಾಗಿ ಪ್ಲಾಸ್ಟರ್ ಕೋಣೆಗೆ ಬರತೊಡಗಿದರು. ಹಿಮ್ಮಡಿಗೆ ಅಂಟಿಸಲು ಒಂದು ತುಂಡು ಪಟ್ಟಿ, ಬೊಬ್ಬೆಗೆ ಒಂದಿಷ್ಟು ಹತ್ತಿ. ಕೊಡುತ್ತಿದ್ದಳು, ಕೊಡುತ್ತಲೇ ಬೈಯುತ್ತಿದ್ದಳು. "ಐದು ಜನ ಇದ್ದೀರಿ, ಒಂದು ಕಾಗದ ಬರೆದು ಆಗಲ್ಲ ಅಂತ ಹೇಳೋಕೆ ಬಾಯಿಲ್ವಾ?" ಅವರು ಹತ್ತಿ ಇಸಿದುಕೊಂಡು ಬೇಗ ಬೇಗ ಹೋಗುತ್ತಿದ್ದರು. ಪುಟ್ಟಿ ಮಾತ್ರ ಯಾವತ್ತೂ ಬರಲಿಲ್ಲ. ಅವಳಿಗೂ ಬೊಬ್ಬೆ ಎದ್ದಿದ್ದವು. ಅದು ಅಭಿಮಾನದ ಪ್ರಶ್ನೆ.

ಏಳನೆಯ ವಾರ, ಒಂದು ಬೆಳಿಗ್ಗೆ ಹತ್ತು ಗಂಟೆಗೆ ಎರಡನೆಯ ಮಹಡಿಯ ವಾರ್ಡಿನಿಂದ ಹಳೆಯ ಎಕ್ಸ್‌ರೇ ಲಕೋಟೆಗಳನ್ನು ತರಲು ಪುಟ್ಟಿಯನ್ನು ಕಳಿಸಿದರು. ಲಿಫ್ಟು ರೋಗಿಗಳಿಗೆ ಮಾತ್ರ ಎನ್ನುವುದು ಮ್ಯಾನೇಜರನ ಇನ್ನೊಂದು ಕಾಗದ. ಎದೆಯವರೆಗೂ ಲಕೋಟೆ ಹೊತ್ತು ಇಳಿಯುವಾಗ ಮೆಟ್ಟಿಲಂಚಿನ ರಬ್ಬರು ಪಟ್ಟಿಗೆ ಹಿಮ್ಮಡಿ ಸಿಕ್ಕಿತು. ಹನ್ನೊಂದು ಮೆಟ್ಟಿಲು ಉರುಳಿದಳು.

ಗಾಲಿಮಂಚ ಬಾಗಿಲಿಗೆ ಬಂದಾಗ ಪ್ಲಾಸ್ಟರಕ್ಕ ಯಾರದೋ ಮಣಿಕಟ್ಟಿಗೆ ಪಟ್ಟಿ ಸುತ್ತುತ್ತಿದ್ದಳು. ಮೊದಲು ಕಂಡದ್ದು ಪಾದ. ಅದು ಇರಬೇಕಾದ ದಿಕ್ಕಿಗೆ ಇರಲಿಲ್ಲ. ಆಮೇಲೆ ಮುಖ ಕಂಡಿತು. ಹಿಡಿದ ಮಣಿಕಟ್ಟನ್ನು ಮುಗಿಸಿಯೇ ಎದ್ದಳು, ಆದರೆ ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ಅವಳ ಬೆರಳ ಗುರುತು ಪ್ಲಾಸ್ಟರಿನಲ್ಲಿ ಮೂಡಿತ್ತು. ಅದನ್ನು ಕತ್ತರಿಸಿ ಇನ್ನೊಮ್ಮೆ ಹಾಕಬೇಕಾಯಿತು.

ವಯಸ್ಸಾದ ದೊಡ್ಡ ಡಾಕ್ಟರು ಮಂಪರಿನ ಮದ್ದು ಕೊಟ್ಟು ಕೀಲನ್ನು ಎಳೆದು ಕೂರಿಸಿದರು. ಪ್ಲಾಸ್ಟರಕ್ಕ ಮೊಣಕಾಲು ಹಿಡಿದುಕೊಂಡಳು. ಎರಡು ಕಡೆ ಮುರಿದಿತ್ತು. ಊತ ಇಳಿಯುವವರೆಗೆ ಹಿಂಬದಿಗೆ ಮಾತ್ರ ಅರ್ಧ ಪ್ಲಾಸ್ಟರು, ವಾರದ ನಂತರ ಪೂರ್ತಿ.

ಎಚ್ಚರವಾದ ಪುಟ್ಟಿ ಕೇಳಿದ ಮೊದಲ ಮಾತು ನೋವಿನದ್ದಲ್ಲ. "ದೊಡ್ಡಮ್ಮ, ಜಾರಿ ಬಿದ್ದೆ ಅಂತ ಬರಿ."

"ಯಾರು ಹೇಳಿಕೊಟ್ರು?"

"ಯಾರೂ ಇಲ್ಲ." ಹೊದಿಕೆಯ ಅಂಚು ಎಳೆದುಕೊಂಡು, "ಮ್ಯಾನೇಜರು ಮೆಟ್ಟಿಲ ಹತ್ರನೇ ಬಂದಿದ್ರು."

ಪ್ಲಾಸ್ಟರ್ ಕೋಣೆಗೆ ಅದರದ್ದೇ ಒಂದು ದಪ್ಪ ಪುಸ್ತಕವಿತ್ತು. ಹೆಸರು, ವಯಸ್ಸು, ಯಾವ ಮೂಳೆ, ಯಾವ ಪ್ಲಾಸ್ಟರು, ಕೊನೆಯಲ್ಲಿ 'ಕಾರಣ'. ಪುಟಗಳಿಗೆ ಅಚ್ಚಾದ ಸಂಖ್ಯೆ. ಸಂಜೆ ದೊಡ್ಡ ಡಾಕ್ಟರು ಪ್ರತಿ ಸಾಲಿನ ಕೆಳಗೆ ಸಹಿ ಹಾಕಬೇಕು. ಪ್ಲಾಸ್ಟರಕ್ಕ ಪೆನ್ನು ತೆಗೆದು ತನ್ನ ಗುಂಡು ಅಕ್ಷರದಲ್ಲಿ ಬರೆದಳು: 'ಆಸ್ಪತ್ರೆಯ ಆದೇಶದಂತೆ ಹಾಕಿದ್ದ ಎತ್ತರದ ಹಿಮ್ಮಡಿ ಚಪ್ಪಲಿ ಮೆಟ್ಟಿಲಿಗೆ ಸಿಕ್ಕಿ, ಕೆಲಸದ ವೇಳೆಯಲ್ಲಿ ಬಿದ್ದದ್ದು.'

ಆ ಸಾಲಿನ ಸುದ್ದಿ ಮುಟ್ಟಿ, ಮಧ್ಯಾಹ್ನಕ್ಕೆ ಮ್ಯಾನೇಜರು ತಾನೇ ಇಳಿದು ಬಂದ. ಬಾಗಿಲು ತಳ್ಳಿ ಹೊಸ್ತಿಲಲ್ಲೇ ನಿಂತ. ಪ್ಲಾಸ್ಟರಿನ ಪುಡಿ ಬೂಟಿಗೆ ತಾಗೀತೆಂದು ಒಳಗೆ ಬರಲಿಲ್ಲ.

"ನೋಡಿ ಅಕ್ಕ, ಹುಡುಗಿಗೆ ಚಿಕಿತ್ಸೆ ಪೂರ್ತಿ ನಮ್ಮದೇ. ಸಂಬಳದ ಸಮೇತ ರಜೆ. ನಿಮ್ಮ ಮನೆ ಹುಡುಗಿ ಅಂದ್ರೆ ನಮ್ಮನೆ ಹುಡುಗೀನೇ. ಆ ಒಂದು ಸಾಲು ಮಾತ್ರ ಸ್ವಲ್ಪ ಸರಿಮಾಡಿ."

"ಯಾವುದು ತಪ್ಪಿದೆ ಅದರಲ್ಲಿ?"

"ತಪ್ಪು ಅಂತಲ್ಲ. 'ಜಾರಿ ಬಿದ್ದದ್ದು' ಅಂದ್ರೂ ಅದೇ ಅರ್ಥ ತಾನೇ? ಅವಳೇ ಹಾಗಂತ ಹೇಳ್ತಿದ್ದಾಳೆ."

"ಎಲ್ಲಿ ಮುರೀತು ಅಂತ ಡಾಕ್ಟರು ಬರೀತಾರೆ. ಯಾಕೆ ಮುರೀತು ಅಂತ ನಾನು ಬರೀತೀನಿ. ಮೂವತ್ತೊಂದು ವರ್ಷದಿಂದ ಹೀಗೇ."

"ನೀವು ನಿವೃತ್ತಿ ಆಗೋಕೆ ಇನ್ನು ಎಷ್ಟು ದಿನ ಇದೆ?" ಎಂದ ಅವನು, ಅದೇ ಮೆತ್ತನೆಯ ದನಿಯಲ್ಲಿ.

"ಹನ್ನೊಂದು ತಿಂಗಳು. ಅಷ್ಟರಲ್ಲಿ ನಿಮ್ಮ ನೆಲದ ಮೇಲೆ ಇನ್ನು ನಾಲ್ಕು ಹುಡುಗೀರು ಬೀಳ್ತಾರೆ. ಆ ನಾಲ್ಕು ಸಾಲನ್ನೂ ಬರೆದೇ ಹೋಗ್ತೀನಿ."

ಸಂಜೆ ದೊಡ್ಡ ಡಾಕ್ಟರು ಸಾಲನ್ನು ಓದಿ ಕನ್ನಡಕ ತೆಗೆದು ಒರೆಸಿದರು. ಅವರು ಜೀವಮಾನವಿಡೀ ಅಡ್ಡಗೋಡೆಯ ಮೇಲೆ ದೀಪವಿಟ್ಟವರು. "ಯಾಕಮ್ಮ ಇದೆಲ್ಲ ಸುಮ್ಮನೆ?" ಎಂದರು.

"ಸುಳ್ಳಿದ್ರೆ ಹೊಡೆದುಹಾಕಿ ಸಾರ್. ನೀವೇ ಹೊಡೆದುಹಾಕಬೇಕು, ನಾನು ಹಾಕಲ್ಲ."

ಡಾಕ್ಟರು ಪೆನ್ನನ್ನು ಸಾಲಿನ ಮೇಲೆ ತಂದರು. ಹೊಡೆದುಹಾಕುವುದಕ್ಕೂ ಸಹಿ ಬೇಕಾಗುತ್ತದೆ ಎಂಬುದು ಹೊಳೆದಿರಬೇಕು. ಸಹಿ ಹಾಕಿ ಎದ್ದು ಹೋದರು.

ಮುಂದಿನದ್ದು ತಾನಾಗಿ ನಡೆಯಿತು. ಕೆಲಸದ ಜಾಗದ ಅಪಘಾತ ಎಂದು ಬರಹದಲ್ಲಿದ್ದ ಮೇಲೆ ವಿಮೆಯವರು ಬಂದರು, ಕಾರ್ಮಿಕ ಇಲಾಖೆಯಿಂದ ಒಬ್ಬ ಅಧಿಕಾರಿ ಬಂದು ಪುಟದ ನಕಲು ತೆಗೆದುಕೊಂಡ. ಗೋಡೆಯ ಕಾಗದ ಒಂದು ಮಧ್ಯಾಹ್ನ ಕಾಣೆಯಾಯಿತು. ಅದರ ಜಾಗಕ್ಕೆ 'ಅನುಕೂಲಕರವಾದ ಪಾದರಕ್ಷೆ' ಎಂಬ ಎರಡೇ ಪದದ ಇನ್ನೊಂದು ಬಂತು. ಕೌಂಟರಿನ ನಾಲ್ವರು ಹುಡುಗಿಯರು ಮಾರನೆಯ ದಿನವೇ ಚಪ್ಪಟೆ ಚಪ್ಪಲಿಗೆ ಇಳಿದರು. ಪ್ಲಾಸ್ಟರಕ್ಕನಿಗೆ ಒಂದು ಮಾತು ಹೇಳಲು ಮಾತ್ರ ಯಾರೂ ಒಳಗೆ ಬರಲಿಲ್ಲ; ಮ್ಯಾನೇಜರು ನೋಡಿಬಿಟ್ಟರೆ ಎಂಬ ಭಯ.

ಅವನೂ ಸುಮ್ಮನಿರಲಿಲ್ಲ. ಪ್ಲಾಸ್ಟರಕ್ಕನನ್ನು ಹೊದಿಕೆ, ದಿಂಬಿನ ಚೀಲ ಎಣಿಸುವ ಬಟ್ಟೆ ಕೋಣೆಗೆ ಹಾಕಿದ. ಮೂರು ತಿಂಗಳ ಮೇಲೆ ಕೋಲು ಊರಿಕೊಂಡು ಬಂದ ಪುಟ್ಟಿಗೆ, ಕುಂಟುವವಳು ಮುಂಭಾಗಕ್ಕೆ ಒಪ್ಪುವುದಿಲ್ಲವೆಂದು, ನೆಲಮಾಳಿಗೆಯಲ್ಲಿ ಹಳೆಯ ಕಡತ ಜೋಡಿಸುವ ಕೆಲಸ ಕೊಟ್ಟ.

ಪುಟ್ಟಿ ಆ ಸಂಜೆ ಮೇಲಿನ ಕೋಣೆಗೆ ಬಂದಳು. ಒಂದೊಂದೇ ಮೆಟ್ಟಿಲು ಹತ್ತಿ ಬಂದಿದ್ದಳು, ಬೆವರಿದ್ದಳು.

"ಸಂತೋಷ ಆಯ್ತಾ?"

"ನಾನೇನು ಮಾಡಿದೆ? ನಿನ್ನ ಪರವಾಗಿ..."

"ನನ್ನ ಪರ ಅಲ್ಲ. ಆ ಚಪ್ಪಲಿ ಮೇಲೆ ನಿನಗಿದ್ದ ಸಿಟ್ಟು ತೀರಿಸ್ಕೊಂಡೆ. ಹಾಗೆ ಬರೀಬೇಡ ಅಂತ ಕೇಳ್ಕೊಂಡೆ ತಾನೇ? ಬಿದ್ದಿದ್ದು ನಾನು. ನನ್ನ ಕಾಲೇ ಬೇಕಿತ್ತಾ ನಿನ್ನ ಜಗಳಕ್ಕೆ?"

ಪ್ಲಾಸ್ಟರಕ್ಕನ ಬಳಿ ಉತ್ತರವಿತ್ತು. ನಿಜ ಬರೆದೆ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಆ ಸಾಲು ಬರೆಯುವಾಗ ಒಳಗೊಳಗೇ ಎಂಥದೋ ತೃಪ್ತಿ ಆಗಿತ್ತಲ್ಲ, ಅದು ಈಗ ನೆನಪಾಯಿತು. "ಇನ್ನೊಂದ್ಸಲ ಆದ್ರೂ ಅದನ್ನೇ ಬರೀತೀನಿ," ಎಂದುಬಿಟ್ಟಳು.

"ಬರ್ಕೋ," ಎಂದು ಪುಟ್ಟಿ ಇಳಿದು ಹೋದಳು.

ತಂಗಿಯೂ ಮಾತು ಬಿಟ್ಟಳು. ಒಂದೇ ಮನೆಯಲ್ಲಿ ಕೆಳಗೆ ಇಬ್ಬರು, ಮೇಲೆ ಒಬ್ಬಳು. ನಡುವೆ ಮೆಟ್ಟಿಲ ಸಾಲು. ಉಳಿದ ತಿಂಗಳುಗಳನ್ನು ದಿಂಬಿನ ಚೀಲ ಎಣಿಸುತ್ತಲೇ ಕಳೆದು ಪ್ಲಾಸ್ಟರಕ್ಕ ನಿವೃತ್ತಳಾದಳು. ಬೀಳ್ಕೊಡುಗೆಗೆ ಎಕ್ಸ್‌ರೇಯವನು ಬಿಟ್ಟರೆ ಮೂರೇ ಜನ ಬಂದಿದ್ದರು.

ಪುಟ್ಟಿ ನೆಲಮಾಳಿಗೆ ಬಿಟ್ಟು ಪ್ರಯಾಣದ ಟಿಕೆಟ್ಟು ಮಾಡಿಕೊಡುವ ಕಚೇರಿಗೆ ಸೇರಿದಳು. ಅಲ್ಲಿ ಚಪ್ಪಲಿಗೆ ಯಾವ ನಿಯಮವೂ ಇರಲಿಲ್ಲ. ಮೊದಲ ಸಂಬಳದಲ್ಲಿ ಅವಳು ಕೊಂಡದ್ದು ಎರಡು ಇಂಚಿನ ಹಿಮ್ಮಡಿಯ, ಕಡು ಕೆಂಪಿನ ಜೋಡಿ. ಪ್ಲಾಸ್ಟರಕ್ಕ ಕಿಟಕಿಯಿಂದ ಕಂಡಳು. ಬೆಂಕಿ ಬಿದ್ದ ಹಾಗಾಯಿತು. ನುಂಗಿಕೊಂಡಳು, ಬೈಯಲು ಇಬ್ಬರ ನಡುವೆ ಮಾತೇ ಇರಲಿಲ್ಲವಲ್ಲ.

ಮತ್ತೊಂದು ವರ್ಷ ಕಳೆದ ಮೇಲೆ, ಚಳಿ ಹಿಡಿದ ಒಂದು ಭಾನುವಾರ, ಪುಟ್ಟಿ ಮೇಲೆ ಬಂದು ಏನೂ ಹೇಳದೆ ಮಂಚದ ಮೇಲೆ ಕೂತು ಕಾಲು ಚಾಚಿದಳು. ಅಂದು ಮುರಿದಿದ್ದ ಕಾಲಿನ ಗಂಟು ಊದಿತ್ತು.

ಪ್ಲಾಸ್ಟರಕ್ಕ ಕನ್ನಡಕ ಹಾಕಿ, ಪಾದವನ್ನು ತೊಡೆಗೆ ಎಳೆದುಕೊಂಡು ಹೆಬ್ಬೆರಳಿನಿಂದ ಒತ್ತಿದಳು. "ಇಲ್ಲಿ? ಇಲ್ಲಿ?"

"ಅಯ್ಯೋ, ಮೆಲ್ಲಗೆ!"

"ಆ ಕೆಂಪು ದರಿದ್ರಾನ ಬೀದಿಗೆ ಬಿಸಾಕು. ಎರಡು ವಾರದಲ್ಲಿ ಊತ ಇಳಿಯುತ್ತೆ."

"ಬಿಸಾಕಲ್ಲ."

"ಹಾಗಾದ್ರೆ ಯಾಕೆ ಬಂದೆ?"

"ನೋಯ್ತಿದೆ, ಅದಕ್ಕೆ."

"ನೋಯ್ಲಿ! ಮೂಳೆ ಕೂಡಿಸಿದ್ದು ಇದಕ್ಕೇನಾ? ಕಾಲ ಮೇಲೆ ಕಲ್ಲು ಹಾಕಿಕೊಳ್ಳೋರನ್ನ ನೋಡಿದ್ದೀನಿ, ದುಡ್ಡು ಕೊಟ್ಟು ಕಲ್ಲು ತರೋಳನ್ನ ಇವತ್ತೇ ನೋಡಿದ್ದು."

"ಕೂತಾಗ ತೆಗೆದಿಡ್ತೀನಿ. ಬಸ್ಸಲ್ಲಿ ಹಾಕಲ್ಲ. ಅದಕ್ಕಿಂತ ಹೆಚ್ಚು ನಿನ್ನ ಮಾತು ಕೇಳಲ್ಲ, ಇದು ನನ್ನ ಕಾಲು."

"ನಿನ್ನ ಕಾಲಂತೆ! ಎರಡು ಕಡೆ ಕೂಡಿಸಿದ್ದು ಯಾರ ಕೈ?"

"ಡಾಕ್ಟರ ಕೈ. ನೀನು ಮೊಣಕಾಲು ಹಿಡ್ಕೊಂಡಿದ್ದೆ ಅಷ್ಟೆ."

ದನಿ ಏರಿತು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಕೆಳಗಿನಿಂದ ತಂಗಿ, ಎರಡು ವರ್ಷದಲ್ಲಿ ಮೊದಲ ಸಲ, "ಅಕ್ಕ, ಅವಳನ್ನ ಬೈದು ಮುಗಿದ ಮೇಲೆ ಇಬ್ಬರೂ ಊಟಕ್ಕೆ ಬನ್ನಿ," ಎಂದು ಕೂಗಿದಳು. ಪ್ಲಾಸ್ಟರಕ್ಕ ಬಿಸಿನೀರಿನ ಪಾತ್ರೆಗೆ ಬಟ್ಟೆ ಅದ್ದಿ ಹಿಂಡುತ್ತ, "ಇನ್ನೂ ಶುರುವೇ ಮಾಡಿಲ್ಲ," ಎಂದು ಉತ್ತರ ಕೊಟ್ಟಳು.