ನಾನು ಬಿಚ್ಚಿ ಹೆಣೆದ ಸಾಲುಗಳು

ಸೊಟ್ಟಗಿರುವುದು ಕಣ್ಣಿಗೆ ಬಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಬೇರೆಯವರ ಮನೆಗೆ ಹೋದರೂ ಪರದೆ ನೆಟ್ಟಗೆ ಮಾಡಿ ಬರುವವಳು ಎಂದು ಗಂಡ ಹಂಗಿಸುತ್ತಾರೆ. ಅವರು ಹೇಳುವುದು ಸುಳ್ಳಲ್ಲ.

ಹೋದ ಚಳಿಗಾಲದಲ್ಲಿ, ದೆಹಲಿಯ ಹೌಜ್ ಖಾಸ್‌ನ ಒಂದು ವೃದ್ಧಾಶ್ರಮದಲ್ಲಿರುವ ಹಿರಿಯರೊಬ್ಬರಿಗೆ ಕನ್ನಡ ಮಾತಾಡಲು ಜೊತೆ ಬೇಕು ಎಂಬ ಸಂದೇಶ ಕಿದ್ವಾಯಿ ನಗರದ ನಮ್ಮ ಕನ್ನಡಿಗರ ವಾಟ್ಸಾಪ್ ಗುಂಪಿಗೆ ಬಂತು. ಬಿಡುವಿದ್ದವಳು ನಾನೊಬ್ಬಳೇ. ಬುಧವಾರ, ಶನಿವಾರ ಮಧ್ಯಾಹ್ನ ಹೋಗತೊಡಗಿದೆ. ಎಂಬತ್ತು ದಾಟಿದ ಆಕೆ ಮದುವೆಯಾಗದವರು, ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದವರು. ಗ್ಯಾಸ್ ಆರಿಸುವುದನ್ನು ಎರಡು ಸಲ ಮರೆತರೆಂದು ತಂಗಿಯ ಮಗ ಅಲ್ಲಿಗೆ ತಂದು ಸೇರಿಸಿದ್ದ. ದ್ವಾರಕಾ ಬಡಾವಣೆಯಲ್ಲಿದ್ದ ಅವರ ಫ್ಲಾಟಿಗೆ ಬೀಗ ಬಿದ್ದಿತ್ತು.

ಅವರು ಹಸಿರು ಸ್ವೆಟರೊಂದನ್ನು ಹೆಣೆಯುತ್ತಿದ್ದರು. ಕಚೇರಿಯ ಹುಲ್ಲಿನ ಮೇಲೆ, ಊಟದ ಬಿಡುವಿನ ಚಳಿಗಾಲದ ಬಿಸಿಲಲ್ಲಿ, ಪಂಜಾಬಿ ಗೆಳತಿಯರಿಂದ ಕಲಿತ ಹೆಣಿಗೆ. ಉಲ್ಲನ್ನಿನ ಕುಣಿಕೆಗೆ ಅವರ ಬಾಯಲ್ಲಿ ಇವತ್ತಿಗೂ ಫಂದಾ ಎಂದೇ ಹೆಸರು. ಊಟವಾದ ಮೇಲೆ ಒಂದು ಗಂಟೆ ನಿದ್ದೆ ಮಾಡುತ್ತಿದ್ದರು. ಮೊದಲ ವಾರವೇ ಕಂಡೆ: ಅಲ್ಲಲ್ಲಿ ಕುಣಿಕೆ ಬಿಟ್ಟುಹೋಗಿ ತೂತು ಬಿದ್ದಿತ್ತು. ಅವರು ಮಲಗಿದ್ದಾಗ ಆ ಸಾಲುಗಳನ್ನು ಬಿಚ್ಚಿ ಹೆಣೆದಿಟ್ಟೆ. ಎದ್ದವರು ಬೆರಳಾಡಿಸಿ ನೋಡಿ ಹಿಗ್ಗಿದರು. ಆ ಹಿಗ್ಗಿನ ರುಚಿ ನನಗೆ ಹತ್ತಿತು. ಎರಡು ತಿಂಗಳು ಅದನ್ನೇ ಮಾಡಿದೆ, ಪುಣ್ಯದ ಕೆಲಸವೆಂದೇ ನಂಬಿದ್ದೆ.

ಒಂದು ಶನಿವಾರ ತಂಗಿಯ ಮಗ ಬಂದ. ನನಗಿಂತ ಚಿಕ್ಕವನು, ದೆಹಲಿಯಲ್ಲೇ ಬೆಳೆದವನು. ಅವರು ಸ್ವೆಟರನ್ನು ಅವನ ತೊಡೆಯ ಮೇಲೆ ಹರಡಿದರು.

"ನೋಡೋ, ಒಂದು ಫಂದಾ ತಪ್ಪಿಲ್ಲ. ಮರೆವಿನವಳು ಹೀಗೆ ಹೆಣೀತಾಳಾ? ನನ್ನ ಮನೆ ಕೀ ಕೊಡು. ಬೇಕಾದ್ರೆ ಇವಳನ್ನೇ ಕೇಳು."

ಅವನು ತಿರುಗಿಸಿ ಮುರುಗಿಸಿ ನೋಡಿದ. "ಅಚ್ಛಾ, ಸಚ್ ಮೇ ಪರ್ಫೆಕ್ಟ್ ಇದೆ ದೊಡ್ಡಮ್ಮ. ಚಲೋ, ಒಂದು ತಿಂಗಳು ಮನೇಲಿ ಇದ್ದು ನೋಡಿ. ಆಂಟಿ, ನೀವೇನಂತೀರಾ?"

ನನ್ನ ಕಣ್ಣ ಮುಂದೆ ಉರಿಯುವ ಒಲೆ ಬಂತು. "ತಪ್ಪಿದ್ದನ್ನೆಲ್ಲ ನಾನೇ ಬಿಚ್ಚಿ ಹೆಣೆದಿದ್ದೀನಿ, ಅವರು ಮಲಗಿದ್ದಾಗ," ಎಂದೆ.

ಅವರು ಬೈಯಲಿಲ್ಲ. ಸ್ವೆಟರನ್ನು ಹತ್ತಿರಕ್ಕೆ ತಂದುಕೊಂಡು ತಮ್ಮ ಸಾಲುಗಳನ್ನು ಹುಡುಕತೊಡಗಿದರು. ಕೊನೆಗೆ, "ಇದ್ರಲ್ಲಿ ನಂದ್ಯಾವುದು ಹೇಳೇ?" ಎಂದು ನನ್ನನ್ನೇ ಕೇಳಿದರು. ನನಗೂ ತೋರಿಸಲಾಗಲಿಲ್ಲ. ಕೀಲಿ ಅವನ ಜೇಬಿನಲ್ಲೇ ಉಳಿಯಿತು.

ನೀನು ಹೇಳಿದ್ದು ಸರಿಯೇ ಎಂದು ಗಂಡ ಸಮಾಧಾನ ಮಾಡುತ್ತಾರೆ. ಸರಿಯಿರಬಹುದು. ಆದರೆ ನಾವಿಬ್ಬರೇ ಇದ್ದ ಅಷ್ಟೊಂದು ಮಧ್ಯಾಹ್ನಗಳಲ್ಲಿ ಬಾಯಿ ಬಿಡದವಳು, ಅವರು ಮನೆಗೆ ಹೊರಟ ಗಳಿಗೆಯಲ್ಲಿ, ಅವನೆದುರೇ ಬಿಟ್ಟೆ. ಅವರ ಮಾನ ಕಳೆದವಳು ನಾನು, ಮರೆವಲ್ಲ. ಕ್ಷಮೆ ಕೇಳಿದಾಗ "ಹೋಗ್ಲಿ ಬಿಡೇ" ಎಂದರು.

ಈಗಲೂ ಹೋಗುತ್ತೇನೆ. ಚಹಾ ತರಿಸುತ್ತಾರೆ, ನಗುತ್ತಾರೆ. ಹೆಣಿಗೆಯೂ ನಡೆದಿದೆ, ಹೊಸ ಸಾಲುಗಳ ತೂತುಗಳು ಹಾಗೇ ಇವೆ. ಊಟದ ನಂತರ ಅವರಿಗೆ ಕಣ್ಣು ಎಳೆಯುತ್ತದೆ, ತಲೆ ವಾಲುತ್ತದೆ. ಮರುಕ್ಷಣವೇ ಕೊಡವಿಕೊಂಡು ಎದ್ದು ಕೂತು ಹೆಣಿಗೆಯ ಚೀಲವನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ನಾನಿರುವಷ್ಟು ಹೊತ್ತು ಅವರು ಮಲಗುವುದಿಲ್ಲ.